ಬರಕೊಂಡು ಹೋದವರು

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕಿನ ಹಳ್ಳಿಗಳಿಗೆ ಸರ್ವೆಯವರು ಹೊಸಬರಲ್ಲ. ಜನಗಣತಿಯವರು, ಪೋಲಿಯೋದವರು, ಪಡಿತರ ಚೀಟಿ ಪರಿಶೀಲನೆಯವರು, ಬೆಂಗಳೂರು, ಮುಂಬೈ, ಹೈದರಾಬಾದಿನ ಸಂಸ್ಥೆಗಳವರು ಎಲ್ಲರೂ ಬಂದು ಹೋಗಿದ್ದಾರೆ. ಹನುಮಾನ ಗುಡಿ ಕಟ್ಟೆಯ ಮೇಲೆ ಕೂತ ಹಿರಿಯರು ಕೊರಳಲ್ಲಿ ತೂಗುವ ಗುರುತಿನ ಚೀಟಿ ಕಂಡರೆ ಸಾಕು, ‘ಬರ್ರಿ ಬಾಯಿ, ಏನ್ ಬರಕೋತೀರಿ ಬರಕೋರಿ’ ಅನ್ನುತ್ತಾರೆ. ಕೂಡಲು ಜಾಗ ಕೊಡುತ್ತಾರೆ, ಒಳಗಿಂದ ನೀರು ತರಿಸುತ್ತಾರೆ. ಆಮೇಲೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ‘ಹಿಂದ ಬರಕೊಂಡು ಹೋದವ್ರು ಮತ್ತ ಬರ್ಲೇ ಇಲ್ಲ. ಅವರ್ದೇನಾಯ್ತು?’

ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಪ್ರಾಧ್ಯಾಪಕರು. ಸಿಕ್ಕಿಬೀಳುವವಳು ನಾನು.

ಗುಲ್ಬರ್ಗಾ ವಿಶ್ವವಿದ್ಯಾಲಯದಿಂದ ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೇನೆ. ತವರು ಹುಮನಾಬಾದ್, ಕೊಟ್ಟ ಮನೆ ಬಸವಕಲ್ಯಾಣ. ಆರೋಗ್ಯ, ಶಾಲೆ, ದುಡಿಮೆಯ ಬಗ್ಗೆ ಸಂಶೋಧನೆ ಮಾಡುವ ತಂಡಗಳು ಈ ಕಡೆ ಬಂದಾಗ ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬುವ ಗುತ್ತಿಗೆ ಕೆಲಸ ನನ್ನದು. ಮೊದಲು ಕಾಗದದ ಫಾರಂ ಇತ್ತು, ಈಗ ಟ್ಯಾಬ್. ನನ್ನನ್ನು ಕರೆಯುವುದು ಡಿಗ್ರಿಗಿಂತ ಹೆಚ್ಚಾಗಿ ನಾಲಿಗೆಗೆ. ಒಂದೇ ಓಣಿಯಲ್ಲಿ ಮೊದಲ ಮನೆಗೆ ಕನ್ನಡ ಬೇಕು, ಎರಡನೆಯದಕ್ಕೆ ದಖನಿ, ಮೂಲೆಯ ಮನೆಗೆ ಮರಾಠಿ. ದೂರದಿಂದ ಬಂದ ಹುಡುಗರು ‘ಕಳೆದ ಮೂವತ್ತು ದಿನಗಳಲ್ಲಿ ತಾವು ಅಸ್ವಸ್ಥರಾಗಿದ್ದಿರಾ’ ಎಂದು ಓದಿದರೆ ಎದುರಿನ ಮುದುಕಿ ‘ಏನಂತಾನ ಇಂವ’ ಎಂದು ನನ್ನ ಮುಖ ನೋಡುತ್ತಾಳೆ.

ಈ ಸಂಶೋಧನೆಗಳ ಮೂಲ ಪ್ರಶ್ನೆ ಸರಳವಾದದ್ದು. ಒಂದೇ ನಾಡಿನಲ್ಲಿ, ಒಂದೇ ಊರಿನಲ್ಲಿ, ಕೆಲವರು ಯಾಕೆ ಹೆಚ್ಚು ಕಾಯಿಲೆ ಬೀಳುತ್ತಾರೆ, ಬೇಗ ಸಾಯುತ್ತಾರೆ? ಆಸ್ಪತ್ರೆ ದೂರ, ಡಾಕ್ಟರಿಲ್ಲ, ದುಡ್ಡಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಉತ್ತರ. ಅಷ್ಟೇ ಅಲ್ಲ ಎಂದು ತೋರಿಸಿಕೊಟ್ಟದ್ದು ಲಂಡನ್ನಿನ ಸರ್ಕಾರಿ ಕಚೇರಿಗಳು. ಅಲ್ಲಿ 1967ರಲ್ಲಿ ಶುರುವಾದ ‘ವೈಟ್‌ಹಾಲ್’ ಅಧ್ಯಯನ 17,500ಕ್ಕೂ ಹೆಚ್ಚು ಗಂಡು ನೌಕರರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಎಲ್ಲರಿಗೂ ಸರ್ಕಾರಿ ನೌಕರಿ, ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ. ಹಾಗಿದ್ದೂ ಮೇಲಿನ ಅಧಿಕಾರಿಗಳಿಗೆ ಹೋಲಿಸಿದರೆ ಜವಾನರೇ ಮೊದಲಾದ ಕೆಳದರ್ಜೆಯವರು ಹೃದಯಾಘಾತದಿಂದ ಸಾಯುವುದು ಮೂರೂವರೆ ಪಟ್ಟಿನಷ್ಟಿತ್ತು. ಮೈಕೇಲ್ ಮಾರ್ಮಟ್ ಮತ್ತು ಸಂಗಡಿಗರು 1978ರಲ್ಲಿ ಇದನ್ನು ಪ್ರಕಟಿಸಿದಾಗ ತಜ್ಞರನ್ನು ಕಾಡಿದ್ದು ಜವಾನನ ಸಾವಲ್ಲ, ನಡುವಿನವರದ್ದು. ಗುಮಾಸ್ತನಿಗಿಂತ ಅವನ ಮೇಲಿನವನು ಮೇಲು, ಅವನಿಗಿಂತ ಇನ್ನೊಬ್ಬ ಮೇಲು. ಹುದ್ದೆ ಒಂದು ಮೆಟ್ಟಿಲು ಇಳಿದರೆ ಆಯುಷ್ಯವೂ ಒಂದು ಮೆಟ್ಟಿಲು ಇಳಿಯುತ್ತಿತ್ತು. ಬೀಡಿ ಸಿಗರೇಟು, ಕೊಬ್ಬು, ರಕ್ತದೊತ್ತಡ ಎಲ್ಲ ಸೇರಿಸಿ ಲೆಕ್ಕ ಹಾಕಿದರೂ ಪೂರ್ತಿ ಕಾರಣ ಸಿಗಲಿಲ್ಲ.

ಅದೇ ಮಾರ್ಮಟ್ ಅವರ ಅಧ್ಯಕ್ಷತೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಒಂದು ಆಯೋಗ ರಚಿಸಿತು. ನಮ್ಮ ಅಮರ್ತ್ಯ ಸೇನ್, ಅಹಮದಾಬಾದಿನ ‘ಸೇವಾ’ ಸಂಘಟನೆಯ ಮಿರಾಯ್ ಚಟರ್ಜಿ ಅದರ ಸದಸ್ಯರು. 2008ರಲ್ಲಿ ಬಂದ ವರದಿ ಹೇಳಿದ್ದರ ಸಾರ ಇಷ್ಟು: ಮನುಷ್ಯ ಹುಟ್ಟಿ, ಬೆಳೆದು, ದುಡಿದು, ಮುದುಕನಾಗುವ ಪರಿಸರವೇ ಅವನ ಆರೋಗ್ಯವನ್ನು ನಿರ್ಧರಿಸುತ್ತದೆ, ಆ ಪರಿಸರವನ್ನು ನಿರ್ಧರಿಸುವುದು ಹಣ ಮತ್ತು ಅಧಿಕಾರದ ಹಂಚಿಕೆ. ನಮ್ಮ ಕಡೆಯ ಮಾತಿಗೆ ಇಳಿಸಿದರೆ, ಪಹಣಿಯಲ್ಲಿ ಯಾರ ಹೆಸರಿದೆ, ಮಗಳು ಹತ್ತನೆಯ ಇಯತ್ತೆ ದಾಟಿದಳೇ, ನಳಕ್ಕೆ ನೀರು ಯಾವ ಓಣಿಯಿಂದ ಶುರುವಾಗುತ್ತದೆ, ಮೊದಲು ಉಣ್ಣುವವರು ಯಾರು ಎಂಬವೂ ಡಾಕ್ಟರು ಕೇಳಬೇಕಾದ ಪ್ರಶ್ನೆಗಳೇ.

ಕರ್ನಾಟಕದಲ್ಲಿ ಇಂಥ ಲೆಕ್ಕಕ್ಕೆ ದೊಡ್ಡ ಹೆಸರು ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರದು. ಪ್ರಾದೇಶಿಕ ಅಸಮಾನತೆ ಅಳೆಯಲು 2000ರಲ್ಲಿ ನೇಮಕವಾದ ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿದ್ದ 175 ತಾಲ್ಲೂಕುಗಳನ್ನು ಬೇಸಾಯ, ಕೈಗಾರಿಕೆ, ರಸ್ತೆ, ಬ್ಯಾಂಕು, ಶಾಲೆ, ಆಸ್ಪತ್ರೆ ಮುಂತಾದ 35 ಸೂಚಕಗಳಿಂದ ಅಳೆದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿನ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದಿತು. ಅವುಗಳಲ್ಲಿ 39 ‘ಅತ್ಯಂತ ಹಿಂದುಳಿದವು’. ಆ 39ರಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದವು. ಬೀದರ್ ಜಿಲ್ಲೆಯಲ್ಲಿ ಆಗಿದ್ದದ್ದು ಐದು ತಾಲ್ಲೂಕು. ಔರಾದ, ಭಾಲ್ಕಿ, ಬಸವಕಲ್ಯಾಣ, ಹುಮನಾಬಾದ್ ನಾಲ್ಕೂ ಆ ಪಟ್ಟಿಯಲ್ಲಿದ್ದವು. ಹೀಗೆ ನನ್ನ ತವರು, ಗಂಡನ ಮನೆ ಎರಡಕ್ಕೂ ಒಂದೇ ದರ್ಜೆ ಸಿಕ್ಕಿತು.

ಆ ವರದಿಯನ್ನು ಹಗುರವಾಗಿ ಕಾಣುವವಳಲ್ಲ ನಾನು. ಅದಕ್ಕೂ ಮುಂಚೆ ‘ನಮ್ಮ ಕಡೆ ಏನೂ ಇಲ್ರೀ’ ಎಂಬುದು ಬರೀ ಗೊಣಗಾಟವಾಗಿತ್ತು, ವಿಧಾನಸೌಧದಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅದೇ ಗೊಣಗಾಟ ಅಂಕಿಯಾಗಿ ಬಂದಾಗ ಅಲ್ಲಗಳೆಯಲಾಗಲಿಲ್ಲ. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ಯೋಜನೆಯನ್ನು ಸಮಿತಿ ಸೂಚಿಸಿತು, 2007–08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಶುರುವಾಯಿತು. ಈ ಭಾಗದ ದಶಕಗಳ ಹೋರಾಟಕ್ಕೆ 2012ರಲ್ಲಿ ಸಂಸತ್ತು ಮಣಿದು ಸಂವಿಧಾನಕ್ಕೆ 371(ಜೆ) ಕಲಮು ಸೇರಿಸಿತು. ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ಮೀಸಲು ಬಂತು, ಅಭಿವೃದ್ಧಿ ಮಂಡಳಿ ಬಂತು. 2019ರಲ್ಲಿ ಇಡೀ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟರು. ಮಂಡಳಿಯ ಹಣದ ಶಾಲಾ ಕೊಠಡಿ, ಸಿಸಿ ರಸ್ತೆ ಈಗ ಹಳ್ಳಿಹಳ್ಳಿಯಲ್ಲೂ ಕಾಣುತ್ತವೆ.

ಆದರೆ ತಾಲ್ಲೂಕಿಗೆ ಜ್ವರ ಬರುವುದಿಲ್ಲ. ಜ್ವರ ಬರುವುದು ಮನುಷ್ಯರಿಗೆ. ಸರಾಸರಿ ಎನ್ನುವುದು ಗೌಡರ ವಾಡೆಯನ್ನೂ ಕೇರಿಯ ಕೊನೆಯ ಗುಡಿಸಲನ್ನೂ ಕೂಡಿಸಿ ಭಾಗಿಸಿದ ಲೆಕ್ಕ. ಮನೆಯೊಳಗಿನ ಹೊಸ್ತಿಲಂತೂ ಆ ಲೆಕ್ಕಕ್ಕೆ ಕಾಣುವುದೇ ಇಲ್ಲ.

ಒಂದು ಮನೆಯ ಮಾತು ಹೇಳುತ್ತೇನೆ. ಊರಿನ ಹೆಸರು ಹೇಳುವಂತಿಲ್ಲ, ಅದು ನಮ್ಮ ಕೆಲಸದ ಮೊದಲ ನಿಯಮ. ಹುಮನಾಬಾದ್ ತಾಲ್ಲೂಕಿನಲ್ಲಿ ಕೆಂಪು ಮಣ್ಣಿನ ದಿಬ್ಬದ ಮೇಲಿನ ಊರು. ತೊಗರಿ ರಾಶಿ ಮುಗಿದಿತ್ತು, ಅಂಗಳದಲ್ಲಿ ಹೊಟ್ಟು ಇನ್ನೂ ಹಾರಾಡುತ್ತಿತ್ತು. ಗಂಡ ಹೊರಸಿನ ಮೇಲೆ ಕೂತಿದ್ದ. ‘ಹೋದ ತಿಂಗಳ ಮನಿಯಾಗ ಯಾರಿಗರ ಆರಾಮ ಇದ್ದಿಲ್ಲೇನ್ರಿ ಅಣ್ಣಾ?’ ಎಂದೆ. ‘ಎಲ್ಲಾರೂ ಆರಾಮ ಅದೀವ್ರಿ, ನಂದೊಂದು ಬಿಪಿ ಬಿಟ್ರ’ ಎಂದ. ಸುಳ್ಳು ಹೇಳಲಿಲ್ಲ, ಅವನಿಗೆ ತಿಳಿದದ್ದು ಅಷ್ಟೇ.

ಹೆಂಗಸರನ್ನು ಬೇರೆಯಾಗಿಯೇ ಕೇಳಬೇಕೆಂದು ಆ ಪ್ರಶ್ನಾವಳಿಯಲ್ಲಿತ್ತು. ಒಳಗೆ ಹೋದೆ. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅದೇ ಪ್ರಶ್ನೆ ಕೇಳಿದೆ. ‘ಆರಾಮಿಲ್ಲ ಅಂದ್ರ ಹಾಸಗಿ ಹಿಡೀಬೇಕಲ್ಲ ಅಕ್ಕಾ, ನಾ ಎಲ್ಲಿ ಹಿಡದೀನಿ’ ಎಂದು ನಕ್ಕಳು. ಹಿಟ್ಟು ತಟ್ಟುತ್ತ ತಟ್ಟುತ್ತ ಒಂದೊಂದೇ ಹೊರಬಂತು: ಕೊಡ ಹೊತ್ತು ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತದೆ, ಎದೆ ಹಾರುತ್ತದೆ, ತಿಂಗಳ ಮುಟ್ಟು ಎಂಟು ದಿನವಾದರೂ ನಿಲ್ಲುವುದಿಲ್ಲ. ಗೋಡೆಯ ಗೂಡಿನಲ್ಲಿ ಎರಡು ಗುಳಿಗೆಯ ಪಟ್ಟಿಗಳಿದ್ದವು. ಗಂಡನ ಬಿಪಿ ಗುಳಿಗೆ ಮುಗಿಯುತ್ತ ಬಂದಿತ್ತು, ಅದರ ಹಿಂದೆ ಹೊಸ ಪಟ್ಟಿ ತಯಾರಿತ್ತು. ಆಕೆಯ ಕಬ್ಬಿಣದ ಗುಳಿಗೆಯಲ್ಲಿ ನಾಲ್ಕು ತೆಗೆದು ಉಳಿದವು ಹಾಗೇ ಇದ್ದವು, ಮೇಲೆ ಒಲೆಯ ಮಸಿ ಕೂತಿತ್ತು. ‘ತಗೊಂಡ್ರ ಹೊಟ್ಟಿ ತೊಳಸ್ತದ. ಡಾಕ್ಟರು ಮತ್ತ ಬಾ ಅಂದಿದ್ರು. ಮತ್ತ ಹೋದ್ರ ಒಂದಿನದ ಕೂಲಿ ಹೋಗ್ತದ’ ಎಂದಳು.

ಟ್ಯಾಬಿನಲ್ಲಿ ಇದಕ್ಕೊಂದು ಅಂಕಿ ಇದೆ: ಚಿಕಿತ್ಸೆ ಶುರುಮಾಡಿ ನಡುವೆ ಬಿಟ್ಟದ್ದು. ಒತ್ತಿದೆ, ಮುಂದಿನ ಪ್ರಶ್ನೆ ಬಂತು.

ಆ ಅಂಕಿಯ ಬೆಲೆ ನನಗೆ ತಿಳಿದದ್ದು ಕೊಪ್ಪಳದ ಅಧ್ಯಯನ ಓದಿದ ಮೇಲೆ. ಬೆಂಗಳೂರಿನ ಐಐಎಂನ ಗೀತಾ ಸೇನ್, ಅದಿತಿ ಅಯ್ಯರ್ ಮುಂತಾದವರ ತಂಡ 2002ರಲ್ಲಿ ಕೊಪ್ಪಳ ಜಿಲ್ಲೆಯ 60 ಹಳ್ಳಿಗಳಲ್ಲಿ ಸುಮಾರು 1,900 ಮನೆಗಳನ್ನು, 12 ಸಾವಿರಕ್ಕೂ ಹೆಚ್ಚು ಜನರನ್ನು ಸಮೀಕ್ಷೆ ಮಾಡಿತ್ತು. ಹೆಣ್ಣು ಗಂಡಿನ ಲೆಕ್ಕ ಒಂದು ಕಡೆ, ಬಡವ ಬಲ್ಲಿದನ ಲೆಕ್ಕ ಇನ್ನೊಂದು ಕಡೆ ಎಂದು ಬೇರೆ ಬೇರೆ ನೋಡುವುದು ವಾಡಿಕೆ. ಇವರು ಎರಡನ್ನೂ ಒಟ್ಟಿಗೆ ಹಿಡಿದರು. ಬಹುಕಾಲದ ಕಾಯಿಲೆ ಬಂದಾಗ ಚಿಕಿತ್ಸೆಯನ್ನೇ ಪಡೆಯದವರು ಯಾರು, ಪಡೆದು ನಡುವೆ ಬಿಟ್ಟವರು ಯಾರು, ಕೊನೆತನಕ ಮುಂದುವರಿಸಿದವರು ಯಾರು ಎಂದು ನೋಡಿದರು. 2012ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ನನ್ನನ್ನು ನಿಲ್ಲಿಸಿದ ಮಾತೆಂದರೆ, ಸ್ಥಿತಿವಂತರ ಮನೆಯ ಹೆಂಗಸೂ ಬಡವರ ಮನೆಯ ಗಂಡಸೂ ಹೆಚ್ಚುಕಡಿಮೆ ಒಂದೇ ಮೆಟ್ಟಿಲ ಮೇಲಿದ್ದರು. ಚಿಕಿತ್ಸೆ ಪಡೆಯದಿರುವುದರಲ್ಲಿ, ಬಿಟ್ಟುಬಿಡುವುದರಲ್ಲಿ, ಖರ್ಚು ಮಾಡಿದ ಹಣದಲ್ಲಿ ಇಬ್ಬರೂ ಸಮ. ಆಕೆಗೆ ಮನೆಯ ಸಿರಿ ಆಸರೆ, ಅವನಿಗೆ ಗಂಡಸುತನ ಆಸರೆ. ಬಡವರ ಮನೆಯ ಹೆಂಗಸಿಗೆ ಎರಡೂ ಇಲ್ಲ.

ಇದನ್ನು ಓದಿದಾಗ ಮಸಿ ಕೂತ ಆ ಗುಳಿಗೆಯ ಪಟ್ಟಿ ಕಣ್ಣಮುಂದೆ ಬಂತು. ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಗಂಡ ಕುಡುಕನಲ್ಲ, ಬಡಿಯುವವನಲ್ಲ. ಯಾರ ಕಾಯಿಲೆ ಕಾಯಿಲೆ, ಯಾರದ್ದು ಬರೀ ದಣಿವು ಎಂಬುದು ಅಲ್ಲಿ ಯಾರೂ ಹೇಳದೆಯೇ ತೀರ್ಮಾನವಾಗಿತ್ತು.

ಬೀಗ ಹಾಕಿದ ಮನೆಗಳದ್ದು ಇನ್ನೊಂದು ಕತೆ. ನಮ್ಮ ಎರಡೂ ತಾಲ್ಲೂಕಿನಿಂದ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುವವರು ಬಹಳ. ಪಟ್ಟಿಯಲ್ಲಿರುವ ಮನೆಗೆ ಮೂರು ಸಲ ಹೋಗಿಯೂ ಬೀಗವಿದ್ದರೆ ‘ಯಾರೂ ಇಲ್ಲ’ ಎಂದು ಬರೆದು ಮುಂದೆ ಹೋಗಬೇಕು. ಸಾಮಾನ್ಯವಾಗಿ ನಿಯಮ ಹಾಗೆಯೇ. ಕಟ್ಟಡದ ಕೆಲಸದಲ್ಲಿ ಧೂಳು ಕುಡಿಯುತ್ತಿರುವವನು, ಕಬ್ಬಿನ ಗದ್ದೆಯಲ್ಲಿ ಗುಡಿಸಲು ಹಾಕಿಕೊಂಡ ಬಸುರಿ ನಮ್ಮೂರಿನ ಆರೋಗ್ಯದ ಲೆಕ್ಕಕ್ಕೂ ಇಲ್ಲ, ಆ ಊರಿನ ಲೆಕ್ಕಕ್ಕೂ ಇಲ್ಲ.

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿ ಇದೆ. ಅದರ ಗೋಡೆಯ ಮೇಲೆ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆಯನ್ನು ನೋಡಲು ದೂರದೂರದವರು ಬರುತ್ತಾರೆ. ಆಕೆ ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಆ ದಾರಿಯಲ್ಲಿ ಸರ್ವೆಗೆ ಹೋದಾಗೆಲ್ಲ ಆಕೆ ನನ್ನ ಸಹೋದ್ಯೋಗಿ ಎನಿಸುತ್ತದೆ. ಬರೆಯುವ ಕೈ ನಮ್ಮದು, ಏನು ಬರೆಯಬೇಕೆಂದು ಹೇಳುವವರು ಬೇರೆ.

ಬರೆಸುವವರೂ ಬರೆಯುವವರೂ ಒಂದೇ ಆದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಹುಮನಾಬಾದಿನಿಂದ ಹೈದರಾಬಾದ್ ಹೆದ್ದಾರಿ ಹಿಡಿದರೆ ಗಡಿ ದಾಟಿದ ಮೇಲೆ ಜಹೀರಾಬಾದ್. ಈಗ ತೆಲಂಗಾಣ, ಆದರೆ 1956ರವರೆಗೆ ಅದು ನಮ್ಮ ಬೀದರ್ ಜಿಲ್ಲೆಯದೇ ತಾಲ್ಲೂಕು. ಅದೇ ಮಣ್ಣು, ಅದೇ ಜೋಳ, ಅದೇ ಬರ. ಅಲ್ಲಿನ ಪಸ್ತಾಪುರದಲ್ಲಿ ನೆಲೆಯೂರಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಲ್ಲಿ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು, ದೂರದರ್ಶನದಲ್ಲಿದ್ದವರು, 2023ರಲ್ಲಿ ತೀರಿಕೊಂಡರು. ಹಳ್ಳಿಗಳ ದಲಿತ ಹೆಂಗಸರ ಸಂಘಗಳೇ ಸಂಸ್ಥೆಯ ಬೇರು.

1990ರ ದಶಕದ ನಡುವೆ ಈ ಸಂಘಗಳು ತಮ್ಮದೇ ಪಡಿತರ ವ್ಯವಸ್ಥೆ ಮಾಡಿಕೊಂಡವು. ಪಾಳುಬಿದ್ದ ಹೊಲ ಉಳಲು ಸಣ್ಣ ರೈತರಿಗೆ ಮುಂಗಡ ಕೊಟ್ಟು, ಅದನ್ನು ಜೋಳದ ರೂಪದಲ್ಲೇ ವಾಪಸು ಪಡೆದು, ಊರಲ್ಲೇ ಕೂಡಿಟ್ಟು, ಹಸಿವಿನ ತಿಂಗಳುಗಳಲ್ಲಿ ಬಡವರಿಗೆ ಅಗ್ಗಕ್ಕೆ ಕೊಡುವುದು. ಹಾಗಾದರೆ ಬಡವರು ಯಾರು? ಆದಾಯ ಪ್ರಮಾಣಪತ್ರವನ್ನು ಯಾರೂ ಕೇಳಲಿಲ್ಲ. ಊರ ಜನ ಒಂದೆಡೆ ಸೇರಿ, ನೆಲದ ಮೇಲೆ ಬಣ್ಣದ ಪುಡಿಯಲ್ಲಿ ಊರಿನ ನಕ್ಷೆ ಬರೆದು, ಮನೆಮನೆಗೂ ಒಂದರಿಂದ ಐದರವರೆಗೆ ದರ್ಜೆ ಕೊಟ್ಟರು. ಎಲ್ಲರೆದುರೇ ಕೊಟ್ಟರು. ಆ ಮನೆಯಲ್ಲಿ ದುಡಿಯುವ ಕೈ ಎಷ್ಟು, ಹೊಲವಿದ್ದರೂ ಅದು ಕಲ್ಲು ಹೊಲವೋ, ಎತ್ತು ಇದೆಯೋ ಎಂದು ಎಲ್ಲರಿಗೂ ಗೊತ್ತಿರುವಾಗ ಸುಳ್ಳು ಹೇಳುವುದು ಕಷ್ಟ. ಅತಿ ಬಡವರಿಗೆ ಹೆಚ್ಚು ಜೋಳ. ಅಕ್ಷರ ಬಾರದ ಹೆಂಗಸರು ಮಾಡಿದ ಈ ಸಮೀಕ್ಷೆಯ ನಿಖರತೆ ಕಂಡು ಅಕ್ಷರ ಕಲಿತ ನನಗೆ ಹೊಟ್ಟೆಕಿಚ್ಚಾಗುತ್ತದೆ.

2001ರ ಜೂನಿನಲ್ಲಿ ಜಹೀರಾಬಾದ್ ಸಮೀಪದ ಅಲ್ಗೋಳಿನಲ್ಲಿ ‘ಪ್ರಜಾತೀರ್ಪು’ ನಡೆಯಿತು. ಆಗಿನ ಆಂಧ್ರ ಸರ್ಕಾರದ ‘ವಿಷನ್ 2020’ ಯೋಜನೆ ಬೇಸಾಯಕ್ಕೆ ಬಯಸಿದ್ದ ಯಂತ್ರ, ಹೊಸ ಬೀಜ, ಕಡಿಮೆ ರೈತರ ಭವಿಷ್ಯ ಬೇಕೋ ಬೇಡವೋ ಎಂಬುದು ಪ್ರಶ್ನೆ. ಅಧಿಕಾರಿಗಳು, ವಿಜ್ಞಾನಿಗಳು, ಕಂಪನಿಯವರು ಸಾಕ್ಷಿ ಹೇಳಿದರು. ತೀರ್ಪು ಕೊಟ್ಟವರು ಸಣ್ಣ ರೈತರು, ಅವರಲ್ಲಿ ಹೆಚ್ಚಿನವರು ಹೆಂಗಸರು. ಬೇಡ ಎಂದರು. ಮೈಕೆಲ್ ಪಿಂಬರ್ಟ್, ಟಾಮ್ ವೇಕ್‌ಫೋರ್ಡ್ ಎಂಬ ಸಂಶೋಧಕರು ಅದನ್ನು ವರದಿಯಾಗಿ ತಂದಾಗ ಬ್ರಿಟನ್ನಿನಲ್ಲಿ ದೊಡ್ಡ ವಾದವೇ ಎದ್ದಿತು. ತೀರ್ಪು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಪ್ರಶ್ನೆ ಕೇಳಿಸಿಕೊಳ್ಳುವವರ ಜಾಗದಲ್ಲಿ ಆ ಹೆಂಗಸರು ಪ್ರಶ್ನೆ ಕೇಳುವವರಾಗಿ ಕೂತಿದ್ದರು.

ನಮ್ಮ ಜಿಲ್ಲೆಯಲ್ಲಿ ಏನೂ ನಡೆದಿಲ್ಲ ಎಂದಲ್ಲ. 1989ರಲ್ಲಿ ಮಹಿಳಾ ಸಮಖ್ಯಾ ಕರ್ನಾಟಕದಲ್ಲಿ ಶುರುವಾದಾಗ ಆರಿಸಿಕೊಂಡ ಮೊದಲ ಜಿಲ್ಲೆಗಳಲ್ಲಿ ಬೀದರ್ ಒಂದು. 1990ರ ದಶಕದಲ್ಲಿ ಗುರುಪಾದಪ್ಪ ನಾಗಮಾರಪಳ್ಳಿ ಅವರ ಮುಂದಾಳತನದಲ್ಲಿ ಬೀದರ್ ಡಿಸಿಸಿ ಬ್ಯಾಂಕು ಹಳ್ಳಿಯ ಪ್ರಾಥಮಿಕ ಸಹಕಾರಿ ಸಂಘಗಳ ಮೂಲಕ ಹೆಂಗಸರ ಸ್ವಸಹಾಯ ಗುಂಪುಗಳನ್ನು ಕಟ್ಟಿಸಿತು. ಸಹಕಾರಿ ಬ್ಯಾಂಕೊಂದು ಇಷ್ಟು ದೊಡ್ಡದಾಗಿ ಇದನ್ನು ಮಾಡಿದ್ದನ್ನು ನೋಡಲು ಹೊರಗಿನ ತಜ್ಞರು ಬಂದರು. ಇದರ ಪರಿಣಾಮ ನನಗೆ ಪ್ರಶ್ನಾವಳಿ ತುಂಬುವಾಗಲೇ ಗೊತ್ತಾಗುತ್ತದೆ. ಸಂಘದಲ್ಲಿದ್ದ ಹೆಂಗಸು ಉತ್ತರ ಕೊಡಲು ಗಂಡನ ಮುಖ ನೋಡುವುದಿಲ್ಲ. ಆದರೆ ಸಾಲವೊಂದೇ ಸಮತೆ ತರುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಈಗ ವಾರಕ್ಕೊಮ್ಮೆ ಬಾಗಿಲಿಗೆ ಬರುವುದು ಮೈಕ್ರೋಫೈನಾನ್ಸಿನವರು. ಆ ಸಾಲ ಯಾಕೆ ಮಾಡಿದಿರಿ ಎಂದು ಕೇಳಿದರೆ ಆಸ್ಪತ್ರೆಗೆ ಎಂಬ ಉತ್ತರ ಮತ್ತೆ ಮತ್ತೆ ಬರುತ್ತದೆ. ವಸೂಲಿಯ ಕಿರುಕುಳ ತಡೆಯಲು ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಇನ್ನೊಂದು ಬದಲಾವಣೆಯನ್ನೂ ಹೇಳಬೇಕು. 2023ರ ಜೂನಿನಲ್ಲಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾದ ಮೇಲೆ, ‘ಆಸ್ಪತ್ರೆಗೆ ಯಾರ ಜೊತೆ ಹೋಗಿದ್ರಿ’ ಎಂಬ ಪ್ರಶ್ನೆಗೆ ‘ಒಬ್ಬಾಕಿನೇ’ ಎಂಬ ಉತ್ತರ ಮೊದಲಿಗಿಂತ ಹೆಚ್ಚು ಕೇಳುತ್ತಿದ್ದೇನೆ. ಇದು ನನ್ನ ಕಿವಿಯ ಲೆಕ್ಕ ಅಷ್ಟೇ, ಪ್ರಾಧ್ಯಾಪಕರದಲ್ಲ.

ಬಸವಕಲ್ಯಾಣದಲ್ಲಿ ಕೂತು ಸಮಾನತೆಯ ಬಗ್ಗೆ ಬರೆಯುವಾಗ ಶರಣರನ್ನು ಬಿಡಲಾಗುವುದಿಲ್ಲ, ತಂದರೆ ಭಾಷಣವಾಗುತ್ತದೆ. ಇಲ್ಲಿ ಯಾವ ಸಮಾರಂಭವಾದರೂ ಅನುಭವ ಮಂಟಪದಿಂದ ಶುರುವಾಗಿ ಹಾರ ತುರಾಯಿಯಲ್ಲಿ ಮುಗಿಯುತ್ತದೆ. ಆದರೂ ಎರಡು ಕತೆ ನೆನಪಿಸುತ್ತೇನೆ. ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ವಾಪಸು ಸುರಿದು ಬಾ ಎಂದವಳು ಆಯ್ದಕ್ಕಿ ಲಕ್ಕಮ್ಮ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸ ಮಗಳನ್ನು ಕೊಟ್ಟದ್ದಕ್ಕೆ ಆ ಇಬ್ಬರು ತಂದೆಯರೂ ಜೀವ ತೆತ್ತರು. ಶರಣರ ಸಮಾನತೆ ಅಡಿಗೆಮನೆಯ ಅಕ್ಕಿಯಲ್ಲಿ, ಮಗಳ ಮದುವೆಯಲ್ಲಿ ಪರೀಕ್ಷೆಗೆ ನಿಂತಿತ್ತು. ಸರಾಸರಿಯಲ್ಲಿ ಅಲ್ಲ.

ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದರು, ನೂರಾರು ಕೋಟಿಯ ಕಟ್ಟಡ. ನನ್ನದೊಂದು ಬೇಡಿಕೆ ಇದೆ: ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಯಾವ ವಿಶ್ವವಿದ್ಯಾಲಯದವರು ಸಂಶೋಧನೆ ಮಾಡಿದರೂ ವರ್ಷಕ್ಕೊಂದು ದಿನ ಅಲ್ಲಿ ಬಂದು, ಕಂಡದ್ದನ್ನು ಜನರೆದುರು ಒಪ್ಪಿಸಬೇಕು. ಕನ್ನಡದಲ್ಲಿ, ದಖನಿಯಲ್ಲಿ, ಮರಾಠಿಯಲ್ಲಿ.

ಹಾಗೆ ಒಪ್ಪಿಸಿದರೆ ಲಾಭ ಸಂಶೋಧಕರಿಗೇ. ನಾನು ಕೆಲಸ ಮಾಡಿದ ತಂಡಗಳಲ್ಲಿ ಒಂದು ಫಲಿತಾಂಶವನ್ನು ದೂರದ ಊರಿನ ಹೋಟೆಲಿನಲ್ಲಿ ಇಂಗ್ಲಿಷಿನಲ್ಲಿ ಬಿಡುಗಡೆ ಮಾಡಿ, ಹಳ್ಳಿಗೆ ಒಂದು ಹಾಳೆಯನ್ನೂ ಕಳಿಸಲಿಲ್ಲ. ಇನ್ನೊಂದು ತಂಡ ಅರ್ಧ ಕೆಲಸವಾದಾಗಲೇ ಊರಿಗೆ ಬಂದು ಅಂಗನವಾಡಿಯ ಮುಂದೆ ಚಾರ್ಟು ತೂಗುಹಾಕಿತು. ಬಹುಪಾಲು ಮನೆಗಳಿಗೆ ನಳ ಬಂದಿದೆ ಎಂದು ಸಾಹೇಬರು ಹೇಳುತ್ತಿದ್ದಂತೆ ಹಿಂದಿನಿಂದ ಒಬ್ಬಾಕೆ ಎದ್ದಳು: ‘ನಳ ಅದರೀ, ನೀರೆಲ್ಲಿ ಅದ? ನಿಮ್ಮ ಬಾಯಿ ನಳ ಅದ ಏನು ಅಂತ ಕೇಳ್ಯಾರ, ನೀರು ಬರ್ತದೇನು ಅಂತ ಕೇಳಿಲ್ಲ.’ ಎಲ್ಲರೂ ನನ್ನ ಕಡೆ ತಿರುಗಿದರು. ಪ್ರಶ್ನೆ ಬರೆದವಳು ನಾನಲ್ಲ ಎಂದು ಹೇಳಿಕೊಳ್ಳಲು ಅದು ಹೊತ್ತಲ್ಲ. ಮರುವಾರ ಪ್ರಶ್ನಾವಳಿ ಬದಲಾಯಿತು: ವಾರದಲ್ಲಿ ಎಷ್ಟು ದಿನ ನೀರು ಬರುತ್ತದೆ, ಬಾರದ ದಿನ ತರುವವರು ಯಾರು, ಎಷ್ಟು ದೂರದಿಂದ? ಹುಮನಾಬಾದ್ ಕೈಗಾರಿಕಾ ಪ್ರದೇಶದ ಸುತ್ತಿನ ಹಳ್ಳಿಗಳವರು ಬೋರಿನ ನೀರಿನ ಬಣ್ಣ, ರಾತ್ರಿಯ ವಾಸನೆಯ ಬಗ್ಗೆ ವರ್ಷಗಳಿಂದ ದೂರುತ್ತಿದ್ದಾರೆ. ಅಂಥ ಊರಿನಲ್ಲಿ ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದಷ್ಟೇ ಕೇಳಿ ಎದ್ದು ಬಂದರೆ ಅದೆಂಥ ಆರೋಗ್ಯ ಸಮೀಕ್ಷೆ?

ನಾನು ಹೇಳುತ್ತಿರುವುದು ಹೊಸದೇನಲ್ಲ. ಸಂಶೋಧನೆಯಲ್ಲಿ ಜನರನ್ನು ಒಳಗೊಳ್ಳಬೇಕು, ಫಲವನ್ನು ಅವರಿಗೆ ತಲುಪಿಸಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯೇ ಹೇಳುತ್ತದೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ಗ್ರಾಮಸಭೆಯ ಕೈಗೆ ಕೊಟ್ಟಿತ್ತು. ರಸ್ತೆಗೆ ಹಾಕಿದ ಮಣ್ಣಿನ ಲೆಕ್ಕ ಕೇಳಬಹುದಾದರೆ ನಮ್ಮ ಮೈಯ ಲೆಕ್ಕ ಕೇಳಬಾರದೇ? ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಇಂಥ ವರದಿಗಳ ತಾಲ್ಲೂಕುವಾರು ಅಂಕಿ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಬರಬೇಕು, ಪಕ್ಕದಲ್ಲಿ ಊರವರು ತಮ್ಮ ಅಂಕಿ ಬರೆಯಲು ಜಾಗ ಬಿಟ್ಟಿರಬೇಕು.

ನಿಮ್ಮ ಮನೆಗೂ ಇವತ್ತಲ್ಲ ನಾಳೆ ನನ್ನಂಥವಳೊಬ್ಬಳು ಟ್ಯಾಬ್ ಹಿಡಿದು ಬರುತ್ತಾಳೆ. ಒಳಗೆ ಕರೆಯಿರಿ, ಉತ್ತರ ಕೊಡಿ, ಮನೆಯ ಹೆಂಗಸರಿಗೂ ಬೇರೆಯಾಗಿ ಮಾತಾಡಲು ಬಿಡಿ. ಸಹಿ ಹಾಕುವ ಮೊದಲು ಒಪ್ಪಿಗೆ ಪತ್ರದ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಅದರಲ್ಲಿ ಸಂಶೋಧಕರ ಹೆಸರು, ಸಂಸ್ಥೆ, ಫೋನ್ ನಂಬರು ಇರಲೇಬೇಕು. ಫಲಿತಾಂಶವನ್ನು ನಮ್ಮ ಗ್ರಾಮಸಭೆಗೆ ಯಾವ ತಿಂಗಳು ತರುತ್ತೀರಿ ಎಂದು ಕೇಳಿ, ಅವಳ ಕೈಯಲ್ಲೇ ಆ ಪತ್ರದ ಮೇಲೆ ಬರೆಸಿಕೊಳ್ಳಿ. ಆ ತಿಂಗಳು ಯಾರೂ ಬಾರದಿದ್ದರೆ ನನ್ನಂಥವಳ ಮೇಲೆ ಸಿಟ್ಟಾಗಬೇಡಿ, ಆ ನಂಬರಿಗೆ ಫೋನು ಮಾಡಿ.